ಎರಡು ಬೆರಳಿನ ಮೆಟ್ಟಿಲು

ಲಿಫ್ಟ್ ಮಿಸ್ತ್ರಿಗೆ ಆ ನಗರದ ದೊಡ್ಡ ಹೋಟೆಲುಗಳೆಲ್ಲ ಹಿಂಬಾಗಿಲಿನಿಂದ ಪರಿಚಯ. ಮುಂಬಾಗಿಲಲ್ಲಿ ನಿಂತು ಸಲಾಂ ಹೊಡೆಯುವವನ ಪೇಟ ಯಾವ ಬಣ್ಣದ್ದು ಎಂದು ಕೇಳಿದರೆ ತಡವರಿಸುತ್ತಿದ್ದ. ಯಾವ ಹೋಟೆಲಿನ ಅಡುಗೆಮನೆಯ ಚರಂಡಿ ನಾರುತ್ತದೆ, ಎಲ್ಲಿ ಕೆಲಸದವರು ಊಟ ಮಾಡುವ ಕೋಣೆಗೆ ಕಿಟಕಿಯೇ ಇಲ್ಲ ಎಂದು ಕೇಳಿದರೆ ಮಾತ್ರ ಕಣ್ಣುಮುಚ್ಚಿ ಹೇಳುತ್ತಿದ್ದ. ಮೂವತ್ತೈದು ವರ್ಷ ಲಿಫ್ಟ್ ಕಂಪನಿಯಲ್ಲಿ ಸವೆದ ಮನುಷ್ಯ. ಹೋಟೆಲಿನ ಯೋಗ್ಯತೆಯನ್ನು ತೂಗಿ ನೋಡಲು ಅವನದೇ ಒಂದು ತಕ್ಕಡಿ ಇತ್ತು. ಅದು ಲಿಫ್ಟಿನ ಗುಂಡಿ. ಲಿಫ್ಟು ಬಂದು ನಿಲ್ಲುವ ಜಾಗದ ಕೆಳಗೆ ಆಳುದ್ದದ ಗುಂಡಿ ಇರುತ್ತದಲ್ಲ, ಬಾಗಿಲ ಸಂದಿಯಿಂದ ಜಾರಿದ್ದೆಲ್ಲ ಅಲ್ಲಿಗೇ ಬೀಳುವುದು. ಒಂಟಿ ಓಲೆ, ಕೋಣೆಯ ಕೀಲಿಕಾರ್ಡು, ಮದುವೆಯ ಉಂಗುರ, ಒಂದು ಸಲ ಯಾರದೋ ಪೂರ್ತಿ ಹಲ್ಲುಸೆಟ್ಟು.

“ಆ ಹಲ್ಲು ಕಳಕೊಂಡವರು ಏನು ಮಾಡಿದರಂತೋ?” ಎಂದು ಅಕ್ಕ ಕೇಳಿದಾಗಲೆಲ್ಲ ಅವನ ಉತ್ತರ ಒಂದೇ: “ಬಾಯಿ ಮುಚ್ಕೊಂಡು ಹೋದರು.”

ಮನೆಯಲ್ಲಿ ಎಲ್ಲರೂ ನಕ್ಕು ಹಳಸಿದ ಜೋಕು ಅದು. ಆದರೂ ನಗುತ್ತಿದ್ದರು. ಮಿಸ್ತ್ರಿಗೆ ಮದುವೆಯ ಯೋಗ ಕೂಡಿಬರಲಿಲ್ಲ. ಅಕ್ಕನ ಮನೆಯೇ ಅವನ ಮನೆ. ಅವಳಿರುವುದು ಎರಡನೇ ಮಹಡಿಯಲ್ಲಿ, ಇವನ ಒಂಟಿ ಕೋಣೆ ಅದೇ ಕಟ್ಟಡದ ಕೆಳಗೆ. ಊಟ ಮಾತ್ರ ಮೇಲೆಯೇ.

ಆ ಭಾನುವಾರ ಊಟವಾದ ಮೇಲೆ ಅಕ್ಕನ ಮಗಳು ಮೊಬೈಲು ಹಿಡಿದು ಮೇಜಿನ ಮಧ್ಯೆ ಕೂತಳು. ಭಾವ ಗಾಲಿಕುರ್ಚಿಯಲ್ಲಿದ್ದರು. ನಲವತ್ತು ವರ್ಷ ದರ್ಜಿಯಾಗಿದ್ದವರು. ಈ ವರ್ಷ ಇದ್ದಕ್ಕಿದ್ದಂತೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮಾತು ತಿರುಗಿ ಬಂದಿತ್ತು, ನಿಧಾನವಾಗಿ. ಕತ್ತರಿ ಹಿಡಿಯುವ ಕೈ ಬಂದಿರಲಿಲ್ಲ. ಆದರೂ ಅಳತೆಪಟ್ಟಿಯೊಂದು ಅಂಗಿಯ ಜೇಬಿನಲ್ಲಿ ಇದ್ದೇ ಇರುತ್ತಿತ್ತು, ಕೆಲವರು ಕನ್ನಡಕ ಇಟ್ಟುಕೊಳ್ಳುವ ಹಾಗೆ.

ಆಸ್ಪತ್ರೆಯ ಗೋಡೆ, ಮನೆಯ ಗೋಡೆ ಬಿಟ್ಟು ಬೇರೆ ನೋಡದ ಅಪ್ಪ ಅಮ್ಮನನ್ನು ಎರಡು ದಿನ ಒಂದು ಒಳ್ಳೆಯ ಹೋಟೆಲಿನಲ್ಲಿ ಇಡಬೇಕು ಎಂಬುದು ಮಗಳ ಹಟ. ಸಂಬಳ ಬರುವ ಹುಡುಗಿ, ಕೇಳುವವರು ಯಾರು? ಹುಡುಕಿ, ತಡಕಿ ಕೊನೆಗೆ ಎರಡಕ್ಕೆ ತಂದು ನಿಲ್ಲಿಸಿದ್ದಳು. ಎರಡೂ ಒಂದೇ ಬೀದಿಯಲ್ಲಿ ಎದುರುಬದುರು. ಒಂದು ಇಪ್ಪತ್ತನಾಲ್ಕು ಮಹಡಿಯದು, ಹೊರಗೋಡೆಗೆ ಅಂಟಿಕೊಂಡು ಮೇಲೇರುವ ಗಾಜಿನ ಲಿಫ್ಟಿನದು. ಇನ್ನೊಂದು ಒಂಬತ್ತು ಮಹಡಿಯ ಹಳೇ ಕಟ್ಟಡ, ಮುಂದೆ ದಪ್ಪ ದಪ್ಪ ಕಂಬಗಳು. ಕೆಲಸಗಾರರ ಬಾಯಲ್ಲಿ ಒಂದು ‘ಗಾಜು’, ಇನ್ನೊಂದು ‘ಕಂಬ’. ಎರಡರ ಲಿಫ್ಟುಗಳೂ ಮಿಸ್ತ್ರಿಯ ಕೈಕೆಳಗಿನವೇ.

“ಬಾಡಿಗೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮಾವ. ಸ್ಟಾರೂ ಒಂದೇ. ಒಬ್ಬರು ಇದು ಸ್ವರ್ಗ ಅಂತಾರೆ, ಇನ್ನೊಬ್ಬರು ದಿಂಬು ಗಟ್ಟಿ ಅಂತಾರೆ. ಓದಿ ಓದಿ ತಲೆ ಕೆಟ್ಟೋಯ್ತು. ನೀನೇ ಹೇಳಿಬಿಡು.”

“ಅವನನ್ನ ಏನು ಕೇಳ್ತೀಯೇ,” ಎಂದಳು ಅಕ್ಕ. “ಗಾಜಿಂದೇ ಅಂತ ನಾನು ಯಾವತ್ತೋ ತೀರ್ಮಾನ ಮಾಡಾಗಿದೆ. ಆ ಲಿಫ್ಟ್ ಹಾಕಿದ ವರ್ಷ ಇವನ ಕಾಲು ನೆಲದ ಮೇಲೆ ನಿಂತಿದ್ದರೆ ಕೇಳು. ‘ಅಕ್ಕಾ, ಮೇಲಿಂದ ನೋಡಿದರೆ ಊರೆಲ್ಲ ಮಣಿ ಚೆಲ್ಲಿದ ಹಾಗೆ ಕಾಣುತ್ತೆ. ಒಂದು ದಿನ ಮುಂಬಾಗಿಲಿಂದಲೇ ಕರಕೊಂಡು ಹೋಗ್ತೀನಿ.’ ಹನ್ನೊಂದು ವರ್ಷ ಆಯ್ತು ಕಣೋ ಆ ಮಾತಿಗೆ. ನನ್ನ ಕೂದಲು ಬೆಳ್ಳಗಾಯ್ತು, ನಿನ್ನ ಒಂದು ದಿನ ಇನ್ನೂ ಬೆಳಗಾಗಲಿಲ್ಲ.”

ಮಿಸ್ತ್ರಿ ನೀರಿನ ಲೋಟ ಎತ್ತಿಕೊಂಡ. ಕುಡಿಯಲಿಲ್ಲ, ಕೆಳಗಿಟ್ಟ.

“ಕಂಬದ್ದೇ ಒಳ್ಳೇದು,” ಎಂದ.

ಮಗಳು ಮೊಬೈಲಿನಿಂದ ತಲೆ ಎತ್ತಿದಳು.

“ಯಾಕೆ?”

“ಗಾಜಿನದರಲ್ಲಿ ಏಸಿ ಜಾಸ್ತಿ. ಭಾವನಿಗೆ ಆಗಲ್ಲ.”

“ಏಸಿ ಕಡಿಮೆ ಮಾಡೋಕೆ ಗುಂಡಿ ಇರುತ್ತಲ್ಲ ಮಾವ?”

“ಊಟ ಸಪ್ಪೆ.”

“ಊಟ ಸಪ್ಪೆ ಅಂತ ನಿನಗೆ ಹೆಂಗೆ ಗೊತ್ತು?” ಅಕ್ಕ ಹಿಡಿದಳು. “ಇಷ್ಟು ವರ್ಷದಲ್ಲಿ ಅಲ್ಲಿ ನೀನು ತಿಂದಿದ್ದು ನಾನು ಕಟ್ಟಿಕೊಟ್ಟ ಡಬ್ಬಿ. ಹಂಗಾದರೆ ನನ್ನ ಅಡುಗೆನೇ ಸಪ್ಪೆ ಅನ್ನು.”

ಭಾವ ನಕ್ಕರು. ಅವರ ನಗು ಈಗ ಮುಖದ ಒಂದೇ ಬದಿಗೆ ಬರುತ್ತಿತ್ತು. “ಏನಯ್ಯಾ, ಅಳತೆ ತೆಗೀದೆ ಕತ್ತರಿ ಹಾಕಿದ ಹಾಗಿದೆ ನಿನ್ನ ಮಾತು. ತೋಳು ಒಂದು ಕಡೆ, ಕಾಲರು ಒಂದು ಕಡೆ.”

ಅವರು ತಮಾಷೆಗೆ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗತಿ ಮಿಸ್ತ್ರಿಯದಾಗಿತ್ತು.

ಸಂಗತಿ ಇಷ್ಟೆ. ಪ್ರತಿ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಒಂದು ತಪಾಸಣೆ ಕಾರ್ಡು ತೂಗುಹಾಕಿರುತ್ತಾರೆ. ತಿಂಗಳಿಗೊಂದು ಸಾಲು. ಹಗ್ಗ ನೋಡಿದೆ, ಬಾಗಿಲು ನೋಡಿದೆ, ಬ್ರೇಕು ಬಿಚ್ಚಿ ಅಳೆದೆ ಎಂದು ಸಾಲಿನ ಕೊನೆಗೆ ಸಹಿ. ಬ್ರೇಕು ಬಿಚ್ಚಬೇಕಾದರೆ ಲಿಫ್ಟನ್ನು ಅರ್ಧ ದಿನ ನಿಲ್ಲಿಸಬೇಕು. ಗಾಜಿನ ಹೋಟೆಲಿನ ಮ್ಯಾನೇಜರನಿಗೆ ಅರ್ಧ ದಿನ ಎಂದರೆ ಪ್ರಾಣಸಂಕಟ. ಜನ ಬರುವುದೇ ಆ ಲಿಫ್ಟು ನೋಡಲು. “ಇವತ್ತೊಂದು ದಿನ ಬೇಡ ಮಿಸ್ತ್ರಿ, ದೊಡ್ಡ ಗೆಸ್ಟ್ ಇದ್ದಾರೆ,” ಎಂದು ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ತರಿಸಿ ಕೊಡುವನು. ಮೊದಲೆಲ್ಲ ಮಿಸ್ತ್ರಿ ಆ ಕಾಫಿಗೆ ಬಗ್ಗುತ್ತಿರಲಿಲ್ಲ. “ಕುಡಿದೇ ನಿಲ್ಲಿಸ್ತೀನಿ ಸಾರ್,” ಎಂದು ಕುಡಿದು, ನಿಲ್ಲಿಸಿಯೇ ಬಿಡುತ್ತಿದ್ದ. ಭಾವ ಆಸ್ಪತ್ರೆಗೆ ಸೇರಿದ ತಿಂಗಳು ಮಾತ್ರ, ಮ್ಯಾನೇಜರ್ ಬೇಡ ಎಂದದ್ದು ಇವನಿಗೂ ಹಾಲು ಕುಡಿದಷ್ಟು ಹಿತವಾಯಿತು. ಅರ್ಧ ದಿನ ಉಳಿಯಿತು ಎಂದು ಸಹಿ ಹಾಕಿ ಆಸ್ಪತ್ರೆಗೆ ಓಡಿದ. ಎರಡನೇ ತಿಂಗಳೂ ಹಾಗೆ. ಮೂರನೆಯ ತಿಂಗಳು ಮ್ಯಾನೇಜರ್ ಬೇಡ ಎನ್ನುವ ಮೊದಲೇ ಸಹಿ ಬಿದ್ದಿತ್ತು.

ಹತ್ತು ದಿನದ ಹಿಂದೆ ಆ ಲಿಫ್ಟಿನಲ್ಲಿ ಕೆಳಗಿಳಿದವನು ಹೊರಗೆ ಕಾಲಿಡುವಾಗ ಎಡವಿದ. ತಿರುಗಿ ನೋಡಿದರೆ ಲಿಫ್ಟಿನ ನೆಲ ಹೊರಗಿನ ನೆಲಕ್ಕಿಂತ ಕೆಳಗೆ ನಿಂತಿತ್ತು. ಬೆರಳಿಟ್ಟು ನೋಡಿದ. ಎರಡು ಬೆರಳು. ಏನೂ ಇಲ್ಲದ ಕಡೆ ಒಂದು ಮೆಟ್ಟಿಲು ಹುಟ್ಟಿಕೊಂಡಿತ್ತು. ಬೇರೆಯವರಿಗೆ ಅದು ಎಡವುವ ಜಾಗ, ಅಷ್ಟೇ. ಬ್ರೇಕಿನ ಪಟ್ಟಿ ಸವೆದು ಹಿಡಿತ ಜಾರುತ್ತಿದೆ ಎಂದು ಓದಿಕೊಳ್ಳಲು ಮಿಸ್ತ್ರಿಗೆ ಬೇರೆ ಕಾಗದ ಬೇಕಿರಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಲಿಫ್ಟು ಕಳಚಿ ಬೀಳುವುದಿಲ್ಲ, ಅದನ್ನು ತಡೆಯಲು ಬೇರೆ ಏರ್ಪಾಡುಗಳಿವೆ. ಆದರೆ ಬಾಗಿಲು ತೆರೆದು ನಿಂತಿರುವಾಗ ಜಾರಿದರೆ? ಅರ್ಧ ಒಳಗೆ, ಅರ್ಧ ಹೊರಗೆ ಇರುವ ಮನುಷ್ಯನ ಪಾಡು ಏನು? ಅದೂ ಗಾಲಿಕುರ್ಚಿಯಲ್ಲಿ, ಎದ್ದು ಹಾರಲಾರದ ಮನುಷ್ಯ?

ಇದನ್ನು ಹೇಳಬೇಕು ಎಂದರೆ ಮೂರು ಸಹಿಗಳನ್ನೂ ಹೇಳಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

“ಕಂಬದ್ದು ನೋಡು ಅಕ್ಕಾ,” ಎಂದ ಮತ್ತೆ. “ಅಲ್ಲಿ ಗುಂಡಿ ಗುಡಿಸಿರುತ್ತಾರೆ. ಅಲ್ಲಿನ ಇಂಜಿನಿಯರ್‌ಗೆ ಲಿಫ್ಟ್ ನಿಲ್ಲಿಸು ಅಂದರೆ ನಿಲ್ಲಿಸ್ತಾನೆ.”

“ನಾನೇನು ಗುಂಡಿಯಲ್ಲಿ ಮಲಗೋಕೆ ಹೋಗ್ತಿದೀನಾ?” ಅಕ್ಕನ ದನಿ ಏರಿತು. ಆಮೇಲೆ ಇದ್ದಕ್ಕಿದ್ದಂತೆ ಇಳಿಯಿತು. “ನನಗೆ ಅರ್ಥ ಆಯ್ತು ಬಿಡು. ನೀನು ಕೆಲಸ ಮಾಡೋ ಜಾಗ. ಅಲ್ಲಿ ನಿನ್ನ ಅಕ್ಕ ಮಾಸಿದ ಸೀರೆ ಉಟ್ಕೊಂಡು, ಇವರು ಕುರ್ಚಿಯಲ್ಲಿ ಜೊಲ್ಲು ಒರೆಸ್ಕೊಂಡು ಬಂದರೆ ನಿನ್ನ ಮರ್ಯಾದೆ ಏನಾಗಬೇಕು?”

“ಅಕ್ಕಾ!”

“ನಾಚಿಕೆ ಆಗೋದಾದರೆ ಹೇಳಿಬಿಡು. ಸುತ್ತಿ ಬಳಸಿ ಏಸಿ, ಊಟ ಅಂತ ಯಾಕೆ?”

ಮಿಸ್ತ್ರಿ ಎದ್ದು ಕೆಳಗಿಳಿದು ತನ್ನ ಕೋಣೆ ಸೇರಿದ. ಆವತ್ತು ಸಂಜೆ ಊಟಕ್ಕೆ ಕರೆ ಬರಲಿಲ್ಲ. ಡಬ್ಬಿ ಬಂತು, ಸೊಸೆಯ ಕೈಯಲ್ಲಿ. ಅಕ್ಕನ ಮಗಳನ್ನು ಅವನು ಸೊಸೆ ಎಂದೇ ಕರೆಯುವುದು. “ಮಾವ, ಅಮ್ಮ ಅತ್ತಳು,” ಎಂದಷ್ಟೇ ಹೇಳಿ ಡಬ್ಬಿ ಇಟ್ಟು ಹೋದಳು.

ಸೋಮವಾರ ಬೆಳಿಗ್ಗೆ ಅವನು ನೇರ ಗಾಜಿನ ಹೋಟೆಲಿಗೆ ಹೋದ. ಮ್ಯಾನೇಜರ್ ಕಾಫಿ ತರಿಸಿದ. ಮಿಸ್ತ್ರಿ ಬಟ್ಟಲು ಮುಟ್ಟಲಿಲ್ಲ.

“ಗಾಜಿನ ಲಿಫ್ಟ್ ಇವತ್ತೇ ನಿಲ್ಲಿಸಬೇಕು ಸಾರ್. ಬ್ರೇಕು ಬಿಚ್ಚಬೇಕು.”

“ಈ ವಾರವಾ? ಹುಚ್ಚು ಹಿಡಿದಿದೆಯಾ? ಶನಿವಾರ ಮಕ್ಕಳ ಚಿತ್ರಸ್ಪರ್ಧೆ ಇದೆ. ಇನ್ನೂರು ಮಕ್ಕಳು. ಎಲ್ಲರಿಗೂ ಲಿಫ್ಟಲ್ಲಿ ಒಂದೊಂದು ಸುತ್ತು ಅಂತ ಕಾಗದದಲ್ಲಿ ಅಚ್ಚು ಹಾಕಿಸಿದ್ದೀವಿ.”

“ಅದಕ್ಕೇ ಸಾರ್.”

ಮ್ಯಾನೇಜರ್ ಅವನನ್ನು ಸ್ವಲ್ಪ ಹೊತ್ತು ನೋಡಿದ. ಕೆಟ್ಟ ಮನುಷ್ಯನಲ್ಲ. ತನ್ನ ಮೇಲಿನವರಿಗೆ ಹೆದರುವ ಮನುಷ್ಯ. ಯಂತ್ರದ ಕೋಣೆಯಿಂದ ಕಾರ್ಡು ತರಿಸಿ ಮೇಜಿನ ಮೇಲಿಟ್ಟ. “ಈ ಮೂರು ಸಹಿ ಯಾರದು?”

“ನನ್ನದೇ.”

“ಬ್ರೇಕು ಸರಿಯಿದೆ, ಸರಿಯಿದೆ, ಸರಿಯಿದೆ. ಹೋದ ತಿಂಗಳು ಸರಿಯಿದ್ದದ್ದು ಈ ತಿಂಗಳು ಹೇಗೆ ಹಾಳಾಯಿತು? ಸುಳ್ಳು ಆವಾಗಲೋ, ಈವಾಗಲೋ?”

ತನ್ನ ಕೈಬರಹವೇ ತನ್ನ ಬಾಯಿಗೆ ಬೀಗ ಹಾಕುವುದೆಂದರೆ ಏನೆಂದು ಮಿಸ್ತ್ರಿಗೆ ಆಗ ಗೊತ್ತಾಯಿತು. ಹೊರಗೆ ಬಂದು ಕಂಪನಿಯ ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಎಲ್ಲ ಕೇಳಿಸಿಕೊಂಡರು. ಅವರೂ ಒಂದು ಕಾಲಕ್ಕೆ ಎಣ್ಣೆ ಕೈಯಲ್ಲಿ ಮೇಲೆ ಬಂದವರೇ.

“ನೋಡಯ್ಯಾ, ನಿನಗಿರೋದು ಇನ್ನು ಎರಡು ವರ್ಷ. ಈಗ ನೀನು ಬಾಯಿಬಿಟ್ಟರೆ ನಿನ್ನ ಲೈಸೆನ್ಸು ಹೋಗುತ್ತೆ, ಕೆಲಸ ಹೋಗುತ್ತೆ, ಕಂಪನಿ ಹೆಸರೂ ಹೋಗುತ್ತೆ. ಮುಂದಿನ ತಿಂಗಳ ಸರದಿಗೆ ನಾನೇ ನಿಂತು ನಿಲ್ಲಿಸಿಕೊಡ್ತೀನಿ. ಎರಡೇ ಬೆರಳು ತಾನೆ? ಅಲ್ಲೀವರೆಗೆ ಸುಮ್ಮನಿರು.”

ಎರಡೇ ಬೆರಳು ತಾನೆ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎಂದು ಎಷ್ಟು ಜನ ಬದುಕಿಲ್ಲ? ಮಿಸ್ತ್ರಿಯೂ ಆ ಲೆಕ್ಕಕ್ಕೇ ಬಿದ್ದ. ಮುಂದಿನ ತಿಂಗಳಿಗೆ ಇಪ್ಪತ್ತು ದಿನ. ಇಪ್ಪತ್ತು ದಿನ ನನ್ನವರು ಅದನ್ನು ಹತ್ತದಿದ್ದರೆ ಸಾಕು.

ಮಂಗಳವಾರ ಮೇಲೆ ಹೋಗಿ, ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದ ಅಕ್ಕನಿಗೆ ಹೇಳಿದ: “ಗಾಜಿನ ಲಿಫ್ಟ್ ರಿಪೇರಿಗೆ ನಿಲ್ಲಿಸ್ತಿದೀವಿ ಅಕ್ಕಾ. ಒಂದು ತಿಂಗಳು ಬಂದ್. ಆಫೀಸಿನಲ್ಲಿ ಯಾರಿಗೂ ಹೇಳಬೇಡ ಅಂದಿದ್ದರು, ಅದಕ್ಕೇ ಮೊನ್ನೆ ಬಾಯಿ ಬಿಡಲಿಲ್ಲ.”

ಅಕ್ಕ ತಿರುಗಿದಳು. ಎರಡು ದಿನದ ಸಿಟ್ಟು ಮುಖದಿಂದ ಹಾಗೇ ಜಾರಿತು. “ಅಯ್ಯೋ, ಅಷ್ಟು ಹೇಳೋಕೆ ಏನಾಗಿತ್ತೋ ಪೆದ್ದ! ನಾನು ಏನೇನೋ ಅಂದುಬಿಟ್ಟೆ.” ಸೆರಗಿನಲ್ಲಿ ಕೈ ಒರೆಸಿಕೊಂಡು ಅವನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೇ ಬಡಿಸಿದಳು. ಸುಳ್ಳು ಇಷ್ಟು ಸಲೀಸಾಗಿ ಮನೆಯನ್ನು ಸರಿಮಾಡುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ.

ಕಂಬದ ಹೋಟೆಲೇ ನಿಕ್ಕಿಯಾಯಿತು.

ಶನಿವಾರ ಮಧ್ಯಾಹ್ನ ನಾಲ್ವರೂ ಹೊರಟರು. ಭಾವ ಕಾಯಿಲೆ ಬೀಳುವ ಮೊದಲು ಹೊಲಿದುಕೊಟ್ಟಿದ್ದ ಬಿಳಿ ಅಂಗಿಯನ್ನು ಮಿಸ್ತ್ರಿ ಇಸ್ತ್ರಿ ಹಾಕಿ ತೊಟ್ಟಿದ್ದ. ಕಂಬದ ಹೋಟೆಲಿನ ಲಿಫ್ಟಿನ ಮುಂದೆ ಅಭ್ಯಾಸಬಲದಿಂದ ಅವನ ಕಣ್ಣು ಹೊಸ್ತಿಲಿಗೆ ಹೋಯಿತು. ಒಳನೆಲ, ಹೊರನೆಲ ಒಂದೇ ಗೆರೆ. ಗಾಲಿಕುರ್ಚಿ ನೀರಿನ ಮೇಲೆ ಹೋದ ಹಾಗೆ ಒಳಗೆ ಹೋಯಿತು.

“ಇದು ನನ್ನ ತಮ್ಮ ನೋಡಿಕೊಳ್ಳೋ ಲಿಫ್ಟು,” ಎಂದು ಅಕ್ಕ, ಸಾಮಾನು ಹೊತ್ತು ಬಂದ ಹೋಟೆಲಿನ ಆಳಿಗೆ ಹೇಳಿದಳು. ಅವನು ಕೇಳಿರಲಿಲ್ಲ. ಆದರೂ ಹೇಳಿದಳು.

ಆರನೇ ಮಹಡಿಯ ಕೋಣೆ. ದಪ್ಪ ಪರದೆ, ಮೊಣಕಾಲೆತ್ತರದ ಹಾಸಿಗೆ, ಕನ್ನಡಿಯಂಥ ಮೇಜು. ಅಕ್ಕ ಹಾಸಿಗೆಯ ತುದಿಯಲ್ಲಿ ಕೂತು ಎದ್ದಳು, ಮತ್ತೆ ಕೂತಳು. “ಇದರಲ್ಲಿ ಮಲಗಿದರೆ ಮನುಷ್ಯ ಸಿಗೋದಿಲ್ಲ ಕಣೇ, ಹುಡುಕಬೇಕು.” ಮಗಳು ಚಹಾ ಹೇಳಲು ಫೋನೆತ್ತಿದಳು. ಮಿಸ್ತ್ರಿ ಭಾವನ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ತಳ್ಳಿ, ಬೆಳಕು ಬರಲಿ ಎಂದು ಪರದೆ ಸರಿಸಿದ.

ಸರಿಸಬಾರದಿತ್ತು. ಒಂದು ವಾರ ತಲೆಯಲ್ಲಿ ಬೇರೆ ಏನೂ ಇರದವನಿಗೆ, ಆ ಕಿಟಕಿ ಯಾವ ದಿಕ್ಕಿಗಿದೆ ಎಂಬುದೊಂದು ಹೊಳೆದಿರಲಿಲ್ಲ. ಲಿಫ್ಟಿನವನಿಗೆ ಕಟ್ಟಡದ ಹೊಟ್ಟೆ ಗೊತ್ತು, ಕಿಟಕಿ ಗೊತ್ತಿಲ್ಲ.

ಬೀದಿಯ ಆಚೆ, ಬಿಸಿಲಿಗೆ ಹೊಳೆಯುತ್ತಾ ಗಾಜಿನ ಲಿಫ್ಟು ಮೇಲೆ ಹೋಗುತ್ತಿತ್ತು. ತುಂಬಾ ಮಕ್ಕಳು. ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಒಂದು ಮಗು ಈ ಕಡೆ ಯಾರಿಗೋ ಕೈ ಬೀಸುತ್ತಿತ್ತು.

ಭಾವ ಎಡಗೈ ಎತ್ತಿ ತಿರುಗಿ ಬೀಸಿದರು. ಆಮೇಲೆ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದರು.

“ಬಂದ್ ಅಂದಿದ್ದೆಯಲ್ಲಯ್ಯಾ?”

ಅಕ್ಕ ಎದ್ದು ಬಂದಳು. ಲಿಫ್ಟು ಮೇಲೆ ಮುಟ್ಟಿತು, ಕೆಳಗಿಳಿಯಲು ತೊಡಗಿತು. ಅವಳು ಅದನ್ನು ಕೆಳಗಿನವರೆಗೂ ನೋಡಿದಳು. ತಮ್ಮನ ಮುಖ ನೋಡಿದ್ದು ಅದಾದ ಮೇಲೆ.

“ಯಾಕೋ?” ಎಂದಳು. ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಬಿದ್ದು ಬಂದಾಗ ಎಲ್ಲಿ ಗಾಯ ಎಂದು ಕೇಳುತ್ತಿದ್ದ ದನಿ ಅದು.

ಮಿಸ್ತ್ರಿ ಹೇಳಿದ. ನಿಂತುಕೊಂಡೇ, ಪರದೆಯ ಅಂಚು ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ಕಾರ್ಡು, ಮೂರು ಸಹಿ, ಎರಡು ಬೆರಳು, ಮ್ಯಾನೇಜರ್, ಸಾಹೇಬರು. ಬಾಗಿಲು ತೆರೆದಾಗ ಜಾರಿದರೆ ಏನಾಗುತ್ತದೆ ಎಂಬುದನ್ನೂ ಹೇಳಿದ. ಚಹಾ ಹೇಳಿ ಮುಗಿಸಿದ್ದ ಮಗಳು, ಕೈಯಲ್ಲೇ ಉಳಿದಿದ್ದ ಫೋನನ್ನು ಕೆಳಗಿಟ್ಟಳು.

“ಆ ಮೂರು ತಿಂಗಳು ಭಾವ ಆಸ್ಪತ್ರೆಯಲ್ಲಿದ್ದರು ಅಕ್ಕಾ. ನನಗೆ ಬೇರೆ ಏನೂ...”

“ಅದನ್ನ ನನ್ನ ತಲೆಗೆ ಕಟ್ಟಬೇಡ,” ಎಂದರು ಭಾವ. ನಿಧಾನವಾಗಿ, ಒಂದೊಂದೇ ಮಾತು ಎತ್ತಿಡುವ ಹಾಗೆ. “ನಾನು ನಿನ್ನನ್ನ ಆಸ್ಪತ್ರೆಗೆ ಬಾ ಅಂದೆ. ಸಹಿ ಹಾಕಿ ಬಾ ಅನ್ನಲಿಲ್ಲ.”

“ಹೌದು ಭಾವ.”

“ಹಂಗಾದರೆ,” ಅಕ್ಕ ಕಿಟಕಿಯ ಕಡೆಗೇ ನೋಡುತ್ತಾ ಹೇಳಿದಳು, “ನಮ್ಮನ್ನ ಜೋಪಾನವಾಗಿ ಈ ಕಡೆ ತಂದು ಕೂರಿಸಿ, ಆ ಮಕ್ಕಳನ್ನ ಆ ಕಡೆ ಬಿಟ್ಟೆ.”

ಲಿಫ್ಟು ಮತ್ತೆ ಮೇಲೇರುತ್ತಿತ್ತು. ಈ ಸಲ ಮಕ್ಕಳ ಜೊತೆ ಒಬ್ಬಳು ಬಸುರಿ ಹೆಂಗಸೂ ಇದ್ದಳು. ಆಚೆ ಹೋಗಿ ಅದನ್ನು ನಿಲ್ಲಿಸಿದರೆ ಕೆಲಸ ಹೋಗುತ್ತದೆ. ನಿಲ್ಲಿಸದೇ ಈ ಕೋಣೆಯಲ್ಲಿ ಕೂತು ಚಹಾ ಕುಡಿದರೆ? ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ತಾನು ಮಾಡಿದ್ದನ್ನು ಇನ್ನೊಬ್ಬರ ಮಗು ಉಣ್ಣಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ.

ಅವನು ಸೊಂಟಕ್ಕೆ ಕೈ ಹಾಕಿ ನೋಡಿಕೊಂಡ. ಕೀಲಿಗೊಂಚಲು ಅಲ್ಲೇ ಇತ್ತು. ಮದುವೆ ಮನೆಗೆ ಹೋದರೂ ಬಿಟ್ಟು ಹೋಗದ ಗೊಂಚಲು.

“ಹೋಗಿ ಬರ್ತೀನಿ,” ಎಂದ.

ಭಾವ ಎಡಗೈಯಿಂದ ಜೇಬು ತಡಕಿ ಅಳತೆಪಟ್ಟಿಯ ಸುರುಳಿಯನ್ನು ತೆಗೆದು ಚಾಚಿದರು. “ಬೆರಳಲ್ಲಿ ಅಳೆದಿದ್ದು ಯಾರೂ ಒಪ್ಪಲ್ಲ. ಇದು ತಗೊಂಡು ಹೋಗು.”

ಗಾಜಿನ ಹೋಟೆಲಿಗೆ ಅವನು ಮುಂಬಾಗಿಲಿನಿಂದ ಹೋದದ್ದು ಅದೇ ಮೊದಲು. ಬಿಳಿ ಅಂಗಿ ನೋಡಿ ಬಾಗಿಲಿನವನು ಸಲಾಂ ಹೊಡೆದ. ಪೇಟ ಕೆಂಪು ಬಣ್ಣದ್ದು. ಒಳಗೆ ಮಕ್ಕಳ ಸಾಲು ಹಾವಿನಂತೆ ಸುತ್ತಿಕೊಂಡು ನಿಂತಿತ್ತು, ಕೈಯಲ್ಲೆಲ್ಲ ಬಣ್ಣ. ಮಿಸ್ತ್ರಿ ಸಾಲಿನ ಮುಂದಕ್ಕೆ ಹೋದ.

ಲಿಫ್ಟು ಬಂದು ನಿಂತಿತು. ಬಾಗಿಲು ತೆರೆಯಿತು. ಮಕ್ಕಳು ಒಬ್ಬೊಬ್ಬರಾಗಿ ಮೇಲಕ್ಕೆ ಜಿಗಿದು ಹೊರಗೆ ಬಂದರು. ಮೆಟ್ಟಿಲಿರುವುದು ಅವರಿಗೆ ಆಟವಾಗಿತ್ತು. ಬಸುರಿ ಹೆಂಗಸು ಕೊನೆಗೆ. ಅವಳು ಎಡವಿದಾಗ ಮಿಸ್ತ್ರಿ ಕೈ ಕೊಟ್ಟ. “ಥ್ಯಾಂಕ್ಸ್ ಅಂಕಲ್, ಬರೋವಾಗಲೂ ಹಿಂಗೇ ಆಯ್ತು,” ಎಂದು ನಕ್ಕು ಹೋದಳು.

ಲಿಫ್ಟು ಖಾಲಿಯಾದದ್ದೇ ಅವನು ಹೊರಗಿನ ಗೋಡೆಯ ತೂತಿಗೆ ಕೀಲಿ ಹಾಕಿ ತಿರುಗಿಸಿದ. ದೀಪ ಆರಿತು. ಆಮೇಲೆ ಇಸ್ತ್ರಿಯ ಅಂಗಿಯಲ್ಲೇ ನೆಲಕ್ಕೆ ಮಂಡಿಯೂರಿ, ದರ್ಜಿಯ ಅಳತೆಪಟ್ಟಿ ಬಿಚ್ಚಿ ಹೊಸ್ತಿಲಿಗೆ ಹಿಡಿದ.

ಎರಡು ಬೆರಳಲ್ಲ. ಈಗ ಮೂರಕ್ಕೆ ಬಂದಿತ್ತು. ಎರಡು ವಾರದಲ್ಲಿ ಒಂದು ಬೆರಳು.

“ಅಂಕಲ್, ಲಿಫ್ಟ್‌ಗೆ ಬಟ್ಟೆ ಹೊಲೀತೀರಾ?” ಸಾಲಿನ ಮುಂದಿದ್ದ ಹುಡುಗಿ ಕೇಳಿದಳು.

“ಹೂಂ ಪುಟ್ಟಿ. ಹರಿದಿದೆ.”

ಮ್ಯಾನೇಜರ್ ಓಡಿ ಬಂದ. ಜನರ ಮುಂದೆ ಕೂಗಲಾರದೆ ಹಲ್ಲು ಕಚ್ಚಿ ಮಾತಾಡಿದ. “ಏನು ಮಾಡ್ತಾ ಇದೀಯ? ಯಾರನ್ನ ಕೇಳಿ ನಿಲ್ಲಿಸಿದೆ? ಆನ್ ಮಾಡು. ಇನ್ನೂ ನೂರು ಮಕ್ಕಳಿದ್ದಾರೆ.”

“ಇಲ್ಲಿ ಕೂತು ನೋಡಿ ಸಾರ್.”

“ನಾನ್ಯಾಕೆ ಕೂರಲಿ?”

“ಒಂದು ನಿಮಿಷ. ಆಮೇಲೆ ಆನ್ ಮಾಡಿ ಅಂತ ಬಾಯಿಬಿಟ್ಟು ಹೇಳಿ, ಮಾಡ್ತೀನಿ.”

ಮ್ಯಾನೇಜರ್ ಪ್ಯಾಂಟಿನ ಮಡಿಕೆ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕೂತ. ಪಟ್ಟಿಯ ಮೇಲಿನ ಅಂಕಿ ನೋಡಿದ. ಮಿಸ್ತ್ರಿ ತಗ್ಗಿದ ದನಿಯಲ್ಲಿ, ಬಾಗಿಲು ತೆರೆದಿರುವಾಗ ಇದು ಜಾರಿದರೆ ಏನಾಗುತ್ತದೆ ಎಂದು ಎರಡೇ ಮಾತಿನಲ್ಲಿ ಹೇಳಿದ. ಮ್ಯಾನೇಜರ್ ಸಾಲಿನ ಮುಂದಿದ್ದ ಹುಡುಗಿಯ ಬೂಟುಗಳನ್ನು ನೋಡಿದ. ಆನ್ ಮಾಡು ಎನ್ನಲಿಲ್ಲ. ನಿಲ್ಲಿಸು ಎಂದೂ ಅನ್ನಲಿಲ್ಲ. ಎದ್ದು, ಫೋನು ಕಿವಿಗಿಟ್ಟುಕೊಂಡು ದೂರ ಹೋದ.

ಯಂತ್ರದ ಕೋಣೆ ಮಹಡಿಗಳ ಮೇಲೆ, ಸೂರಿನ ಕೆಳಗೆ. ಕೆಲಸದವರ ಲಿಫ್ಟಿನಲ್ಲಿ ಅಲ್ಲಿಗೆ ಹೋಗಿ ಮುಖ್ಯ ಸ್ವಿಚ್ಚು ಆರಿಸಿ ಬೀಗ ಹಾಕಿದ. ಮೂಲೆಯ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದು ಬ್ರೇಕಿನ ಮುಚ್ಚಳ ಬಿಚ್ಚಿದ. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ ಪಟ್ಟಿ ಉಗುರಿನಷ್ಟಾಗಿತ್ತು. ಒಂದು ಕಡೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯುತ್ತಿತ್ತು. ಅವನು ಅದನ್ನು ನೋಡುತ್ತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಬಿಳಿ ಅಂಗಿಗೆ ಎಣ್ಣೆ ಹತ್ತಿತು. ಮೂರು ತಿಂಗಳಲ್ಲಿ ಎಷ್ಟು ಸಾವಿರ ಜನ ಇದರ ಮೇಲೆ ಭಾರ ಹಾಕಿ ಹೋಗಿರಬಹುದು ಎಂದು ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ಬಿಟ್ಟ.

ಮ್ಯಾನೇಜರ್ ತರಿಸಿದ್ದ ಕಾರ್ಡು ವಾಪಸು ಬಂದು ತನ್ನ ಮೊಳೆಗೆ ತೂಗುತ್ತಿತ್ತು. ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡ. ಮೂರು ಸಹಿಗಳ ಮೇಲೂ ಒಂದೊಂದು ಗೆರೆ ಎಳೆದ. ಪಕ್ಕದಲ್ಲಿ ಮೂರು ಸಲ ಬರೆದ: ‘ನೋಡದೆ ಹಾಕಿದ್ದು.’ ಕೆಳಗಿನ ಸಾಲಿನಲ್ಲಿ ಇವತ್ತಿನ ತಾರೀಖು, ಅಳತೆ, ‘ಲಿಫ್ಟ್ ನಿಲ್ಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ. ಆ ಸಹಿ ಮೇಲಿನ ಮೂರರ ಹಾಗೆ ಬರಲಿಲ್ಲ. ಮೊಬೈಲಿನಲ್ಲಿ ಕಾರ್ಡಿನದೊಂದು, ಬ್ರೇಕಿನದೊಂದು ಫೋಟೊ ತೆಗೆದು ಸಾಹೇಬರಿಗೆ ಕಳಿಸಿದ.

ಫೋನು ಬರಲು ಎರಡು ನಿಮಿಷ ಹಿಡಿಯಿತು.

“ನಿನಗೆ ನಾನು ಏನು ಹೇಳಿದ್ದೆ?” ಎಂದರು ಸಾಹೇಬರು. ಆಮೇಲೆ ಫೋಟೊ ಮತ್ತೆ ನೋಡಿದರೋ ಏನೋ, ದನಿ ಇಳಿಯಿತು. “ಇಷ್ಟೊಂದು ಹೋಗಿತ್ತಾ?”

“ಇಷ್ಟೊಂದು ಹೋಗಿತ್ತು ಸಾರ್.”

“ಸೋಮವಾರ ಆಫೀಸಿಗೆ ಬಾ. ಕೀಲಿಗೊಂಚಲು ತಗೊಂಡು ಬಾ.”

“ಆಯ್ತು ಸಾರ್.”

ಕೆಳಗೆ ಬಂದಾಗ ಮಕ್ಕಳ ಸಾಲು ಕರಗಿತ್ತು. ಕೆಲವರು ಅಳುತ್ತಿದ್ದರು. ಒಬ್ಬ ತಂದೆ ಸುತ್ತು ಕೊಡುತ್ತೀವಿ ಎಂದು ಅಚ್ಚು ಹಾಕಿದ ಕಾಗದ ಹಿಡಿದು ಹೋಟೆಲಿನವರ ಜೊತೆ ಜಗಳ ತೆಗೆದಿದ್ದ. ಮ್ಯಾನೇಜರ್ ಇವನನ್ನು ನೋಡಿ ಮುಖ ತಿರುಗಿಸಿದ. ಯಾರೂ ಶಹಬ್ಬಾಸ್ ಎನ್ನಲಿಲ್ಲ, ಎನ್ನುವ ಕೆಲಸವನ್ನು ಅವನು ಮಾಡಿಯೂ ಇರಲಿಲ್ಲ.

ಬೀದಿ ದಾಟಿ ಕಂಬದ ಹೋಟೆಲಿನ ಆರನೇ ಮಹಡಿಗೆ ಬಂದ. ಮೇಜಿನ ಮೇಲೆ ಚಹಾ ಬಂದು ಆರಿಹೋಗಿತ್ತು. ಅಕ್ಕ ಕಿಟಕಿಯ ಹತ್ತಿರವೇ ನಿಂತಿದ್ದಳು. ಆಚೆಯ ಗಾಜಿನ ಪೆಟ್ಟಿಗೆ ನೆಲದ ಮಟ್ಟದಲ್ಲಿ ಕಪ್ಪಾಗಿ ಕೂತಿತ್ತು.

“ಎಷ್ಟು?” ಭಾವ ಕೇಳಿದರು.

“ಮೂರು ಬೆರಳು.”

ಭಾವ ಕೈ ಚಾಚಿದರು. ಮಿಸ್ತ್ರಿ ಪಟ್ಟಿ ಕೊಟ್ಟ. ಬಿಚ್ಚಿಹೋಗಿದ್ದ ಅದನ್ನು ಅವರು ತೊಡೆಯ ಮೇಲಿಟ್ಟುಕೊಂಡು ಎಡಗೈಯೊಂದರಲ್ಲೇ ಸುತ್ತತೊಡಗಿದರು. ಸುರುಳಿ ಮತ್ತೆ ಮತ್ತೆ ಜಾರುತ್ತಿತ್ತು. ಮಿಸ್ತ್ರಿ ಸಹಾಯಕ್ಕೆ ಬಗ್ಗಿದಾಗ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದರು.

“ಕೆಲಸ?” ಸೊಸೆ ಮೆಲ್ಲಗೆ ಕೇಳಿದಳು.

“ಸೋಮವಾರ ಕೀಲಿ ಕೊಟ್ಟು ಬರಬೇಕು.”

ಅಕ್ಕ ಕಿಟಕಿಯಿಂದ ತಿರುಗಿ ಅವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇವರು ಹೊಲಿದ ಕೊನೇ ಅಂಗಿ ಅದು,” ಎಂದಳು. “ಎಣ್ಣೆ ಮಾಡಿಕೊಂಡು ಬಂದಿದೀಯ. ಬಿಚ್ಚು, ಈಗಲೇ ನೆನೆಹಾಕ್ತೀನಿ. ಒಣಗಿದರೆ ಹೋಗಲ್ಲ.”

ಅಂಗಿ ಇಸಿದುಕೊಂಡು ಬಚ್ಚಲುಮನೆಗೆ ಹೋದಳು. ಎಷ್ಟೋ ಹೊತ್ತು ನೀರು ಬಿಡುವ, ಉಜ್ಜುವ ಸದ್ದು ಬರುತ್ತಿತ್ತು. ಮಿಸ್ತ್ರಿ ಬನಿಯನ್ನಿನಲ್ಲೇ ಆ ಎತ್ತರದ ಹಾಸಿಗೆಯ ಅಂಚಿನಲ್ಲಿ, ಹೊದಿಕೆ ಮಾಸದ ಹಾಗೆ ಮುದುಡಿ ಕೂತ. ಒಳಗಿನಿಂದ ಅಕ್ಕನ ದನಿ ಕೇಳಿಸಿತು, ಯಾರಿಗೆ ಹೇಳಿದ್ದೋ ತಿಳಿಯದ ಹಾಗೆ:

“ಹೋಗಲ್ಲ ಇದು. ಸ್ವಲ್ಪ ಉಳಿಯುತ್ತೆ.”